ಮೊದಲ ಬಾರಿ ಹಡಗೇರುವವರಿಗೆ ಕೆಲವು ಕಿವಿಮಾತುಗಳು

ಬೇಗೂರಿನವರಾದ ನಮಗೆ ನೀರೆಂದರೆ ಕೆರೆಯ ನೀರು. ನಮ್ಮ ಹಿರಿಯರಲ್ಲಿ ಕಡಲನ್ನು ಕಂಡವರು ಹೆಚ್ಚಾಗಿ ಅದನ್ನು ಕಂಡದ್ದು ವೇಳಾಂಗಣ್ಣಿಯ ಯಾತ್ರೆಯಲ್ಲಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿಯುಟ್ಟು ಹೋಗಿ, ಮಾತೆಯ ದರ್ಶನ ಪಡೆದು, ಅಲೆಗೆ ಒಂದಿಷ್ಟು ಕಾಲೊಡ್ಡಿ ಹಿಂದಿರುಗುವುದು, ಇಷ್ಟೇ ನಮ್ಮವರಿಗೂ ಕಡಲಿಗೂ ಇದ್ದ ಪರಿಚಯ. ಬಿರುಗಾಳಿಯಿಂದ ಪಾರಾದ ಪೋರ್ಚುಗೀಸ್ ನಾವಿಕರು ಆ ದೇವಾಲಯವನ್ನು ಕಟ್ಟಿಸಿದರೆಂಬ ಪರಂಪರೆಯ ಮಾತನ್ನು ಕೇಳಿದಾಗಲೂ ಹಡಗಿನ ಪ್ರಯಾಣ ನಮ್ಮ ಪಾಲಿನದಲ್ಲವೆಂದೇ ಭಾವಿಸಿದ್ದೆವು.

ಈಗ ಕಾಲ ಬದಲಾಗಿದೆ. 2018ರಲ್ಲಿ ಮುಂಬಯಿ ಮತ್ತು ಗೋವಾಗಳ ನಡುವೆ 'ಆಂಗ್ರಿಯಾ' ಎಂಬ ವಿಹಾರನೌಕೆ ಸಂಚಾರಕ್ಕಿಳಿಯಿತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಸಂಸ್ಥೆಯ 'ಎಂಪ್ರೆಸ್' ಎಂಬ ದೊಡ್ಡ ಹಡಗು ಮುಂಬಯಿಯಿಂದ ಯಾನ ಆರಂಭಿಸಿತು. ಅಲ್ಲಿಂದೀಚೆಗೆ ಪಾಸ್‌ಪೋರ್ಟ್ ಇಲ್ಲದ ಸಾಮಾನ್ಯ ಕುಟುಂಬಗಳೂ ಎರಡು ಮೂರು ರಾತ್ರಿಗಳ ಕಡಲ ವಿಹಾರಕ್ಕೆ ಹೊರಡುತ್ತಿವೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ದುಡಿಯುವ ಮಕ್ಕಳು ತಂದೆತಾಯಿಯರ ವಿವಾಹ ಮಹೋತ್ಸವಕ್ಕೆ ಉಡುಗೊರೆಯಾಗಿ ಹಡಗಿನ ಟಿಕೇಟು ತಂದುಕೊಡುವುದು ಈಗ ಅಪರೂಪದ ಸಂಗತಿಯಲ್ಲ.

ಅಂಥದೇ ಒಂದು ಕುಟುಂಬ ಕಳೆದ ವರ್ಷ ನಮ್ಮ ಬಳಿಗೆ ಬಂದಿತು. ಮಗ ಸಾಫ್ಟ್‌ವೇರ್ ಉದ್ಯೋಗಿ. ತಂದೆ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ತಾಯಿ ಪ್ರತಿದಿನ ಬೆಳಗಿನ ಬಲಿಪೂಜೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರು. ವಿವಾಹದ ಸುವರ್ಣ ಮಹೋತ್ಸವಕ್ಕೆಂದು ಮೂರು ರಾತ್ರಿಗಳ ಯಾನ ನಿಶ್ಚಯವಾಗಿತ್ತು. ಆಶೀರ್ವಾದ ಪಡೆದು ಎಲ್ಲರೂ ಹೊರಟ ಮೇಲೆ ತಾಯಿ ಮಾತ್ರ ಹಿಂದೆ ಉಳಿದು, ಧ್ವನಿ ತಗ್ಗಿಸಿ ಕೇಳಿದರು: "ಸ್ವಾಮಿ, ಅಲ್ಲೇ ಏನಾದರೂ ಆಗಿಹೋದರೆ ನನ್ನ ನೀರಿಗೆ ಬಿಟ್ಟುಬಿಡ್ತಾರಾ? ನಮ್ಮವರೆಲ್ಲ ಇಲ್ಲೇ ಮಣ್ಣಲ್ಲಿದ್ದಾರೆ."

ಆ ಪ್ರಶ್ನೆಗೆ ಉತ್ತರ ಕೊಡಲು ನಾವು ಅಂದು ಒಂದು ದಿನದ ಕಾಲಾವಕಾಶ ಕೇಳಿದೆವು. ಹಡಗಿನ ವಿಷಯ ತಿಳಿದವರನ್ನು, ನಮ್ಮ ಪರಿಚಯದ ನಾವಿಕ ಕುಟುಂಬಗಳವರನ್ನು ವಿಚಾರಿಸಿದೆವು. ಹಾಗೆ ವಿಚಾರಿಸುವಾಗ ತಿಳಿದುಬಂದ ಇತರ ಸಂಗತಿಗಳೂ ಹಲವು. ಇನ್ನು ಮುಂದೆ ಹೊರಡುವವರಿಗೆ ಉಪಯುಕ್ತವಾದೀತೆಂದು ಅವನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಾಲವರಿತು ಹೊರಡುವುದು

ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯವನ್ನು ಹಡಗೇರುವವರು ಒಮ್ಮೆ ಓದಬೇಕು. ಯಾನಕ್ಕೆ ಯೋಗ್ಯವಾದ ಋತು ಕಳೆದಿದೆ, ಈಗ ಹೊರಡುವುದು ಅಪಾಯವೆಂದು ಸಂತ ಪೌಲರು ಕ್ರೇತ ದ್ವೀಪದಲ್ಲಿ ಎಚ್ಚರಿಸಿದರು. ಶತಾಧಿಪತಿ ಅವರ ಮಾತನ್ನು ಬಿಟ್ಟು ಹಡಗಿನ ಒಡೆಯನ ಮಾತನ್ನು ನಂಬಿದ. ಪರಿಣಾಮವಾಗಿ 276 ಮಂದಿ ಹದಿನಾಲ್ಕು ದಿನ ಬಿರುಗಾಳಿಗೆ ಸಿಕ್ಕರು. ಪ್ರಾಣಗಳು ಉಳಿದವು, ಹಡಗು ಉಳಿಯಲಿಲ್ಲ.

ನಮ್ಮ ಅರಬ್ಬೀ ಕಡಲಿಗೂ ಅದರದೇ ಆದ ಋತುಗಳಿವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ಕಾಲ, ಅಲೆಗಳು ಎತ್ತರ. ಮಳೆಗಾಲದ ಮುಂಚಿನ ಮೇ ತಿಂಗಳಲ್ಲಿಯೂ ಮಳೆಗಾಲ ಮುಗಿದ ಅಕ್ಟೋಬರ್, ನವೆಂಬರುಗಳಲ್ಲಿಯೂ ಚಂಡಮಾರುತ ಏಳುವುದುಂಟು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ಕರಾವಳಿಯವರು ಮರೆತಿಲ್ಲ. ಮೊದಲ ಬಾರಿ ಹೊರಡುವವರಿಗೆ, ಅದರಲ್ಲೂ ವೃದ್ಧರಿಗೆ, ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಹಿತವಾದುದು. ಹವಾಮಾನದ ದೆಸೆಯಿಂದ ಕಪ್ತಾನರು ಮಾರ್ಗ ಬದಲಿಸಿದರೆ, ಒಂದು ಊರನ್ನು ಕೈಬಿಟ್ಟರೆ, ಕೊಟ್ಟ ಹಣ ವ್ಯರ್ಥವಾಯಿತೆಂದು ಅವರೊಡನೆ ವಾದಕ್ಕಿಳಿಯುವುದು ತರವಲ್ಲ. ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳಲ್ಲಿ ದೂರದೃಷ್ಟಿಯನ್ನೂ ಒಂದಾಗಿ ಎಣಿಸಿದ್ದಾರೆ. ಕಪ್ತಾನರು ಮಾಡುತ್ತಿರುವುದು ಅದನ್ನೇ.

ಹಡಗು ಯಾರಿಗಾಗಿಯೂ ಕಾಯುವುದಿಲ್ಲವೆಂಬುದು ಇನ್ನೊಂದು ಮುಖ್ಯ ಸಂಗತಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ ಹೋಗುವವರು ಹಡಗು ಹೊರಡುವ ದಿನವೇ ಅಲ್ಲಿಗೆ ತಲಪುವ ಲೆಕ್ಕ ಹಾಕಬಾರದು. ರೈಲು ನಾಲ್ಕು ತಾಸು ತಡವಾದರೆ ಇಡೀ ಯಾನ ಕೈತಪ್ಪುತ್ತದೆ. ಹಿಂದಿನ ದಿನವೇ ತಲಪಿ ವಿಶ್ರಮಿಸಿಕೊಳ್ಳಬೇಕು. ನಡುವೆ ಗೋವಾದಲ್ಲಿ ಇಳಿದಾಗಲೂ ಇದೇ ಎಚ್ಚರ ಬೇಕು. ಮುರಗಾಂವ್ ಬಂದರಿನಿಂದ ಹಳೆ ಗೋವಾ ಸುಮಾರು 30 ಕಿಲೋಮೀಟರ್ ದೂರ. ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವಿರುವ ಬೋಂ ಜೇಸು ಮಹಾದೇವಾಲಯವನ್ನು ಸಂದರ್ಶಿಸದೆ ಬರಲು ನಮ್ಮವರಿಗೆ ಮನಸ್ಸಾಗದು. ಆದುದರಿಂದ ಹಡಗಿಗೆ ಮರಳಬೇಕಾದ ವೇಳೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಅದಕ್ಕೆ ಒಂದು ತಾಸು ಮುಂಚೆಯೇ ಬಂದರನ್ನು ಸೇರುವಂತೆ ವಾಹನ ಗೊತ್ತುಮಾಡಿಕೊಳ್ಳಬೇಕು.

ಕೋಣೆ, ಖರ್ಚು, ಸಾಲ

ಹಡಗಿನ ಕೋಣೆಗಳು ಸಾಮಾನ್ಯವಾಗಿ ಮೂರು ಬಗೆ: ಕಿಟಕಿಯಿಲ್ಲದ ಒಳಕೋಣೆ, ಕಡಲು ಕಾಣುವ ಕಿಟಕಿಯ ಕೋಣೆ, ಬಾಲ್ಕನಿಯ ಕೋಣೆ. ದರದಲ್ಲಿ ದೊಡ್ಡ ಅಂತರವಿದೆ. ಊಟ, ತಿರುಗಾಟ, ಮನರಂಜನೆಗಳು ಬಹುಮಟ್ಟಿಗೆ ಎಲ್ಲರಿಗೂ ಒಂದೇ. ಓಲಾಟ ಕಡಿಮೆಯಿರಬೇಕಾದರೆ ಹಡಗಿನ ಮಧ್ಯಭಾಗದ, ಕೆಳಗಿನ ಅಂತಸ್ತಿನ ಕೋಣೆಯನ್ನು ಕೇಳಬೇಕು. ಮೊಣಕಾಲು ನೋವಿನವರು ಲಿಫ್ಟಿಗೆ ಸಮೀಪದ ಕೋಣೆಯನ್ನು ಕೇಳುವುದು ಒಳ್ಳೆಯದು.

ಮೇಲೆ ಹೇಳಿದ ಕುಟುಂಬದಲ್ಲಿ ಮಗ ಬಾಲ್ಕನಿಯ ಕೋಣೆಗಾಗಿ ಬ್ಯಾಂಕಿನಿಂದ ವೈಯಕ್ತಿಕ ಸಾಲ ಪಡೆಯಲು ಸಿದ್ಧನಾಗಿದ್ದ. ಮನೆಯ ಸಾಲದ ಕಂತು ಇನ್ನೂ ತೀರಿರಲಿಲ್ಲ. ಈ ವಿಷಯ ತಿಳಿದ ತಂದೆ ನಮ್ಮೆದುರಿನಲ್ಲೇ ಹೇಳಿದರು: "ಕೋಣೆ ಮಲಗೋದಕ್ಕೆ ತಾನೆ, ಮಗ? ಸಮುದ್ರ ನೋಡೋದಕ್ಕೆ ಮೇಲೆ ಹತ್ತಿ ಹೋದರಾಯ್ತು." ಕೊನೆಗೆ ಒಳಕೋಣೆಯೇ ನಿಶ್ಚಯವಾಯಿತು. ಸಾಲ ಮಾಡಿ ಕೊಟ್ಟ ಉಡುಗೊರೆಯ ಭಾರವನ್ನು ಕೊಟ್ಟವನೂ ಹೊರಬೇಕು, ಪಡೆದವರೂ ಹೊರಬೇಕು. ಆ ತಂದೆಯ ಮಾತು ಮಗನ ಪ್ರೀತಿಯನ್ನು ಕಡಿಮೆ ಮಾಡಲಿಲ್ಲ. ಅವನ ಹೆಗಲನ್ನು ಹಗುರ ಮಾಡಿತು.

ಟಿಕೇಟಿನ ದರವೇ ಪೂರ್ಣ ಖರ್ಚಲ್ಲವೆಂಬುದನ್ನೂ ತಿಳಿದಿರಬೇಕು. ಬಂದರಿನ ಶುಲ್ಕ, ತೆರಿಗೆ, ಸಿಬ್ಬಂದಿಯ ಭಕ್ಷೀಸು, ಪಾನೀಯಗಳು, ಇಂಟರ್ನೆಟ್, ಊರು ತೋರಿಸುವ ಏರ್ಪಾಡು ಇವೆಲ್ಲ ಬೇರೆಯಾಗಿರಬಹುದು. ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂಬುದನ್ನು ಹಣ ಕಟ್ಟುವ ಮುನ್ನವೇ ಬರಹದಲ್ಲಿ ಕೇಳಿ ಪಡೆಯಬೇಕು. ಹಡಗಿನಲ್ಲಿ ಕೊಡುವ ಕಾರ್ಡು ಕೋಣೆಯ ಬೀಗದ ಕೈಯೂ ಹೌದು, ಹಣದ ಚೀಲವೂ ಹೌದು. ನೋಟು ಎಣಿಸಿ ಕೊಡದಿರುವುದರಿಂದ ಕೈ ಸಡಿಲವಾಗುವುದು ಸಹಜ. ಪ್ರತಿರಾತ್ರಿ ಲೆಕ್ಕದ ಚೀಟಿ ಕೇಳಿ ನೋಡುವುದು ಲೇಸು. ಕಡಲು ಸೇರಿದ ಮೇಲೆ ಜೂಜಿನ ಕೋಣೆಯ ಬಾಗಿಲು ತೆರೆಯುವ ಹಡಗುಗಳೂ ಇವೆ. ಆಟ ಆಟವಾಗಿರುವವರೆಗೆ ಧರ್ಮಸಭೆ ಅದನ್ನು ಪಾಪವೆನ್ನುವುದಿಲ್ಲ. ಆದರೆ ತನ್ನವರ ಅಗತ್ಯಕ್ಕೆ ಬೇಕಾದುದನ್ನು ಕಸಿಯುವಂಥ ಜೂಜು ಒಪ್ಪತಕ್ಕದ್ದಲ್ಲವೆಂದು ಕಥೋಲಿಕ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಸಲಹೆಯೆಂದರೆ, ಆ ಬಾಗಿಲಿನ ಮುಂದೆ ನಿಲ್ಲದೆ ಮುಂದೆ ನಡೆಯಿರಿ.

ಕಾಗದಪತ್ರಗಳು, ಗಂಟುಮೂಟೆ

ದೇಶದೊಳಗಿನ ಯಾನಕ್ಕೆ ಸರ್ಕಾರದ ಗುರುತಿನ ಚೀಟಿಯ ಮೂಲಪ್ರತಿ ಮಕ್ಕಳಿಗೂ ದೊಡ್ಡವರಿಗೂ ಬೇಕು. ವಿದೇಶದ ಬಂದರಿಗೆ ಹೋಗುವ ಹಡಗಾದರೆ, ಹಿಂದಿರುಗಿದ ಮೇಲೂ ಆರು ತಿಂಗಳಾದರೂ ಊರ್ಜಿತವಾಗಿರುವ ಪಾಸ್‌ಪೋರ್ಟ್ ಇರಬೇಕೆಂಬುದು ಸಾಮಾನ್ಯ ನಿಯಮ. ಗರ್ಭ ಧರಿಸಿ 24 ವಾರ ಮೀರಿದವರನ್ನೂ ಆರು ತಿಂಗಳೊಳಗಿನ ಕೂಸುಗಳನ್ನೂ ಅನೇಕ ಹಡಗು ಸಂಸ್ಥೆಗಳು ಹತ್ತಿಸಿಕೊಳ್ಳುವುದಿಲ್ಲ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವವರಿಗೆ ಪ್ರವೇಶ ಪರವಾನಗಿ ಅಗತ್ಯ. ಅಲ್ಲಿಯ ಹವಳವನ್ನು ನೆನಪಿಗೆಂದು ಎತ್ತಿ ತರುವುದು ಕಾನೂನಿಗೆ ವಿರುದ್ಧ.

ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಂಡು ಹೋಗುತ್ತಾರೆ. ಅವು ನಿಮ್ಮ ಕೋಣೆಯನ್ನು ಸೇರುವಾಗ ಸಂಜೆಯಾಗಬಹುದು. ಆದುದರಿಂದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ಮಾತ್ರೆಗಳು, ವೈದ್ಯರ ಚೀಟಿ, ಕನ್ನಡಕ, ಒಂದು ಜೊತೆ ಬಟ್ಟೆ, ಜಪಸರ ಇವು ಕೈಚೀಲದಲ್ಲೇ ಇರಲಿ. ಎರಡು ದಿನಕ್ಕೆ ಹೆಚ್ಚಾಗುವಷ್ಟು ಔಷಧಿ ಇರಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ವಿದ್ಯುತ್ ಕೆಟಲ್ ಇವಕ್ಕೆ ಅನುಮತಿಯಿಲ್ಲ. ಮೇಣದಬತ್ತಿಗೂ ಊದುಬತ್ತಿಗೂ ಇಲ್ಲವೆಂಬುದನ್ನು ನಮ್ಮ ಕುಟುಂಬಗಳು ವಿಶೇಷವಾಗಿ ಗಮನಿಸಬೇಕು. ಸುತ್ತಲೂ ನೀರಿದ್ದರೂ ಹಡಗಿನವರು ಎಲ್ಲಕ್ಕಿಂತ ಹೆಚ್ಚಾಗಿ ಅಂಜುವುದು ಬೆಂಕಿಗೆ. ಸಂಜೆಯ ಜಪಸರ ಪ್ರಾರ್ಥನೆ ದೀಪವಿಲ್ಲದೆಯೂ ದೇವರನ್ನು ಮುಟ್ಟುತ್ತದೆ.

ದಡ ಬಿಟ್ಟು ಕೆಲವು ಕಿಲೋಮೀಟರ್ ಹೋದೊಡನೆ ಮೊಬೈಲಿನ ಸಂಪರ್ಕ ಕಡಿದುಹೋಗುತ್ತದೆ. ಫೋನು ತಾನಾಗಿಯೇ ಹಡಗಿನ ದುಬಾರಿ ಜಾಲಕ್ಕೆ ಸೇರಿಕೊಂಡರೆ ಬಿಲ್ಲು ನೋಡಿ ದಂಗಾಗಬೇಕಾದೀತು. ವಿಮಾನದಲ್ಲಿ ಮಾಡುವಂತೆಯೇ ಫೋನಿನ ಸಂಪರ್ಕವನ್ನು ನಿಲ್ಲಿಸಿಡಿ. ಮನೆಯಲ್ಲಿ ಉಳಿದವರಿಗೆ ಹಡಗಿನ ಹೆಸರು, ಕೋಣೆಯ ಸಂಖ್ಯೆ, ಹಿಂದಿರುಗುವ ದಿನ ಇವನ್ನು ಬರೆದುಕೊಟ್ಟು, 'ಎರಡು ದಿನ ಫೋನು ಬರದಿದ್ದರೆ ಗಾಬರಿಯಾಗಬೇಡಿ' ಎಂದು ಹೇಳಿ ಹೊರಡಿ.

ಏಳು ಕಿರುಕೂಗು, ಒಂದು ನಿಡುಗೂಗು

ಹಡಗೇರಿದ ದಿನ ಎಲ್ಲ ಪ್ರಯಾಣಿಕರಿಗೂ ಅಪಾಯಕಾಲದ ಅಭ್ಯಾಸ ಮಾಡಿಸುತ್ತಾರೆ. ಏಳು ಚಿಕ್ಕ ಕೂಗು, ಬಳಿಕ ಒಂದು ದೀರ್ಘ ಕೂಗು ಕೇಳಿದರೆ ಗೊತ್ತುಪಡಿಸಿದ ಸ್ಥಳಕ್ಕೆ ಬಂದು ಸೇರಬೇಕು. ಈ ಅಭ್ಯಾಸವನ್ನು ತಪ್ಪಿಸಿಕೊಂಡು ಫೋಟೋ ತೆಗೆಯುತ್ತ ನಿಲ್ಲುವವರಿದ್ದಾರೆ. 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ತಾ ಕಾಂಕಾರ್ಡಿಯಾ ಎಂಬ ವಿಹಾರನೌಕೆ ಬಂಡೆಗೆ ಬಡಿದು 32 ಮಂದಿ ತೀರಿಕೊಂಡರು. ಅಂದೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಈ ಅಭ್ಯಾಸ ಇನ್ನೂ ಆಗಿರಲಿಲ್ಲ. ಆ ದುರಂತದ ಬಳಿಕ, ಹಡಗು ಹೊರಡುವ ಮುನ್ನ ಅಥವಾ ಹೊರಟ ತಕ್ಷಣವೇ ಅಭ್ಯಾಸ ಮುಗಿಸಬೇಕೆಂದು ಅಂತರರಾಷ್ಟ್ರೀಯ ನಿಯಮವನ್ನು ಬಿಗಿಗೊಳಿಸಲಾಯಿತು.

ಕೋಣೆಯಿಂದ ಆ ಸ್ಥಳಕ್ಕೆ ಹೋಗುವ ದಾರಿಯನ್ನು, ಲಿಫ್ಟಿಲ್ಲದೆ, ಒಮ್ಮೆ ನಡೆದು ನೋಡಿ. ಜೀವರಕ್ಷಕ ಅಂಗಿ ಎಲ್ಲಿದೆ, ಮಕ್ಕಳ ಅಳತೆಯದು ಇದೆಯೆ ಎಂದು ನೋಡಿಕೊಳ್ಳಿ. 1912ರ ಏಪ್ರಿಲ್ 14ರ ಭಾನುವಾರ ಟೈಟಾನಿಕ್ ಹಡಗಿನಲ್ಲಿ ಬಲಿಪೂಜೆ ಅರ್ಪಿಸಿದ ಥಾಮಸ್ ಬೈಲ್ಸ್ ಎಂಬ ಆಂಗ್ಲ ಗುರುಗಳು, ಅದೇ ರಾತ್ರಿ ರಕ್ಷಣಾ ದೋಣಿಯಲ್ಲಿ ತಮಗೆ ದೊರೆತ ಸ್ಥಾನವನ್ನು ನಿರಾಕರಿಸಿ, ಇತರರನ್ನು ಹತ್ತಿಸುತ್ತ, ಉಳಿದವರ ಪಾಪನಿವೇದನೆ ಕೇಳುತ್ತ ಪ್ರಾಣಬಿಟ್ಟರು. ಪ್ರಾರ್ಥನೆಯ ಜೊತೆಗೆ ಅವರು ಜನರನ್ನು ದೋಣಿಗಳ ಕಡೆಗೂ ನಡೆಸಿದರೆಂಬುದನ್ನು ನಾವು ಮರೆಯಬಾರದು. ದೇವರ ಮೇಲೆ ಭರವಸೆಯಿಡುವವರು ಅಭ್ಯಾಸಕ್ಕೆ ಬರಬೇಕಾಗಿಲ್ಲವೆಂದು ಎಲ್ಲಿಯೂ ಬರೆದಿಲ್ಲ.

ಹೊಟ್ಟೆ ತೊಳಸುವಿಕೆ

ಕಿವಿಯೊಳಗಿನ ಸಮತೋಲದ ಅಂಗ ಓಲಾಟವನ್ನು ತಿಳಿಸುತ್ತಿರುವಾಗ ಕಣ್ಣು ನಿಶ್ಚಲವಾದ ಗೋಡೆಯನ್ನು ಕಾಣುತ್ತಿದ್ದರೆ, ಆ ವಿರೋಧದಿಂದ ತಲೆಸುತ್ತು, ವಾಕರಿಕೆ ಉಂಟಾಗುತ್ತದೆ. ಇದಕ್ಕೆ ಮೊದಲ ಮದ್ದು ತೆರೆದ ಅಂತಸ್ತಿಗೆ ಹೋಗಿ ದಿಗಂತವನ್ನು ನೋಡುತ್ತ ನಿಲ್ಲುವುದು. ಓದಬಾರದು, ಫೋನು ನೋಡಬಾರದು. ಖಾಲಿ ಹೊಟ್ಟೆಯೂ ಬೇಡ, ಬಿರಿಯುವ ಹೊಟ್ಟೆಯೂ ಬೇಡ. ಒಣ ಬಿಸ್ಕತ್ತು, ಶುಂಠಿಯ ತುಣುಕು ಹಿತ. ಮಾತ್ರೆ ಬೇಕಾದವರು ಮನೆಯಲ್ಲಿರುವಾಗಲೇ ತಮ್ಮ ವೈದ್ಯರನ್ನು ಕೇಳಬೇಕು. ವಾಕರಿಕೆ ಶುರುವಾಗುವ ಮುನ್ನ ನುಂಗಿದರೆ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವು ಮಾತ್ರೆಗಳಿಂದ ನಿದ್ದೆ ಬರುತ್ತದೆ, ವೃದ್ಧರಲ್ಲಿ ತೂಕಡಿಕೆ ಹೆಚ್ಚು. ಸಾವಿರಾರು ಜನ ಒಂದೇ ಕಡೆ ಉಣ್ಣುವ ಸ್ಥಳವಾದ್ದರಿಂದ ಊಟಕ್ಕೆ ಮುನ್ನ ಸೋಪಿನಿಂದ ಕೈತೊಳೆಯುವುದನ್ನು ಮರೆಯಬಾರದು.

ಭಾನುವಾರದ ಬಲಿಪೂಜೆ

ಹಡಗಿನಲ್ಲಿ ಭಾನುವಾರ ಬಂದರೆ ಏನು ಮಾಡುವುದೆಂದು ಬಹಳ ಮಂದಿ ಕೇಳುತ್ತಾರೆ. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಕರ್ತವ್ಯ ಪೂರ್ಣವಾಗುತ್ತದೆ. ಆದುದರಿಂದ ಯಾನದ ದಿನಗಳನ್ನು ಆರಿಸುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಭಾನುವಾರ ಹಡಗು ಗೋವಾದಲ್ಲಿ ನಿಲ್ಲುವುದಾದರೆ ಅಲ್ಲಿ ದೇವಾಲಯಗಳಿಗೆ ಕೊರತೆಯಿಲ್ಲ. ಕಡಲಿನ ಮಧ್ಯದಲ್ಲಿದ್ದು ಗುರುಗಳೂ ಇಲ್ಲದಿದ್ದರೆ, ಕುಟುಂಬವಾಗಿ ಕುಳಿತು ತಕ್ಕಷ್ಟು ಹೊತ್ತು ಪ್ರಾರ್ಥನೆಯಲ್ಲಿ ಕಳೆಯಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೆಯ ವಿಧಿ ಸೂಚಿಸುತ್ತದೆ. ಅಸಾಧ್ಯವಾದುದಕ್ಕೆ ಯಾರೂ ಬದ್ಧರಲ್ಲ. ಸಂದೇಹವಿದ್ದವರು ತಮ್ಮ ಧರ್ಮಕೇಂದ್ರದ ಗುರುಗಳನ್ನು ಕಾಣಲಿ, ನ್ಯಾಯವಾದ ಕಾರಣವಿದ್ದರೆ ವಿನಾಯಿತಿ ಕೊಡುವ ಅಧಿಕಾರ ಅವರಿಗಿದೆ. ಅಂದಿನ ವಾಚನಗಳನ್ನು ಬರೆದುಕೊಂಡು ಹೋಗುವುದು ಹದಿನೈದು ನಿಮಿಷದ ಕೆಲಸ. ತಪಸ್ಸುಕಾಲದ ಶುಕ್ರವಾರವಾದರೆ, ಹಡಗಿನ ಊಟದ ಸಾಲಿನಲ್ಲಿ ಮಾಂಸವಿಲ್ಲದ ಬಗೆಗಳೂ ಧಾರಾಳವಾಗಿರುತ್ತವೆ. ಕಣ್ಣು ಯಾವ ಕಡೆ ಹೋಗುತ್ತದೆಂಬುದೇ ಪ್ರಶ್ನೆ.

ಆ ತಾಯಿಯ ಪ್ರಶ್ನೆ

ಇನ್ನು ಆ ತಾಯಿಗೆ ನಾವು ಕೊಟ್ಟ ಉತ್ತರ. ಹಾಯಿಹಡಗುಗಳ ಕಾಲದಲ್ಲಿ ತಿಂಗಳುಗಟ್ಟಲೆ ದಡ ಕಾಣದಿದ್ದಾಗ ಮೃತರನ್ನು ಕಡಲಿಗೆ ಒಪ್ಪಿಸುತ್ತಿದ್ದುದು ನಿಜ. ಇಂದಿನ ದೊಡ್ಡ ವಿಹಾರನೌಕೆಗಳಲ್ಲಿ ವೈದ್ಯರಿದ್ದಾರೆ, ಚಿಕಿತ್ಸಾಲಯವಿದೆ. ಅದರ ವೆಚ್ಚ ಬೇರೆಯಾದ್ದರಿಂದ ವೃದ್ಧರಿಗೆ ಪ್ರಯಾಣ ವಿಮೆ ಮಾಡಿಸಬೇಕು. ಮರಣವೇ ಸಂಭವಿಸಿದರೂ ಶರೀರವನ್ನು ಶೀತಲಕೋಣೆಯಲ್ಲಿರಿಸಿ, ಬಂದರಿನಲ್ಲಿ ಮನೆಯವರಿಗೆ ಒಪ್ಪಿಸುತ್ತಾರೆ. ಇದನ್ನು ಹೇಳಿದಾಗ ಅವರ ಮುಖ ಅರ್ಧ ತಿಳಿಯಾಯಿತು.

ಉಳಿದರ್ಧಕ್ಕಾಗಿ ಸಂತ ಮೋನಿಕಮ್ಮನವರ ಕಥೆ ಹೇಳಿದೆವು. ಮಗ ಆಗಸ್ಟೀನರನ್ನು ಹುಡುಕಿಕೊಂಡು ಆ ತಾಯಿ ಆಫ್ರಿಕಾದಿಂದ ಇಟಲಿಗೆ ಹಡಗಿನಲ್ಲಿ ಹೋದರು. ಬಿರುಗಾಳಿ ಎದ್ದಾಗ, ಪ್ರಯಾಣಿಕರಿಗೆ ಧೈರ್ಯ ಹೇಳಬೇಕಾದ ನಾವಿಕರಿಗೆ ಅವರೇ ಧೈರ್ಯ ಹೇಳಿದರೆಂದು ಮಗ ಬರೆದಿದ್ದಾರೆ. ತಮ್ಮ ಊರಿನಲ್ಲಿ, ಪತಿಯ ಮಗ್ಗುಲಲ್ಲೇ ಮಣ್ಣಾಗಬೇಕೆಂಬ ಚಿಂತೆ ಅವರಿಗೂ ಬಹಳ ಕಾಲ ಇತ್ತು. ಅದಕ್ಕಾಗಿ ಸಮಾಧಿಯ ಸ್ಥಳವನ್ನೂ ಸಿದ್ಧಪಡಿಸಿದ್ದರು. ಆದರೆ 387ರಲ್ಲಿ ಊರಿಗೆ ಮರಳಲೆಂದು ಓಸ್ತಿಯಾ ಬಂದರಿನಲ್ಲಿ ಕಾಯುತ್ತಿರುವಾಗ ಕಾಯಿಲೆ ಬಿದ್ದರು. ಅಲ್ಲಿ ಆ ಚಿಂತೆಯನ್ನೇ ಬಿಟ್ಟುಕೊಟ್ಟರು. ಈ ಶರೀರವನ್ನು ಎಲ್ಲಾದರೂ ಇರಿಸಿ, ಪ್ರಭುವಿನ ಬಲಿಪೀಠದ ಬಳಿ ಮಾತ್ರ ನನ್ನನ್ನು ನೆನೆಯಿರಿ ಎಂಬುದಷ್ಟೇ ಅವರ ಕೋರಿಕೆಯಾಗಿತ್ತು. ದೇವರಿಗೆ ಯಾವ ಸ್ಥಳವೂ ದೂರವಲ್ಲವೆಂಬುದು ಅವರಿಗೆ ತಿಳಿದಿತ್ತು. ಕಥೆ ಕೇಳಿದ ನಮ್ಮ ಅಮ್ಮನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹೊರಡೋ ಮುಂಚೆ ಪಾಪನಿವೇದನೆ ಮಾಡಿಬಿಡ್ತೀನಿ, ಸ್ವಾಮಿ" ಎಂದರು. ಹಾಗೆಯೇ ಮಾಡಿದರು.

ಬಡಿಸುವ ಕೈಗಳು

ಹಿಂದಿರುಗಿ ಬಂದು ಅವರು ಕಡಲಿನ ವಿಷಯ ಹೇಳಿದ್ದು ಕಡಿಮೆ, ಊಟದ ಮನೆಯಲ್ಲಿ ಬಡಿಸುತ್ತಿದ್ದ ಹುಡುಗನ ವಿಷಯ ಹೇಳಿದ್ದೇ ಹೆಚ್ಚು. ಮಂಗಳೂರಿನ ಕಡೆಯವನು. ಅಮ್ಮನವರ ಕೊರಳಿನ ಜಪಸರವನ್ನು ಕಂಡು ಮಾತನಾಡಿಸಿದ. ನಾಲ್ಕು ತಿಂಗಳಿಂದ ಭಾನುವಾರದ ಬಲಿಪೂಜೆ ಕಂಡಿಲ್ಲ, ಕೆಲಸ ಬಿಡುವು ಕೊಡುವುದಿಲ್ಲ ಎಂದ. ಅಂದು ಭಾನುವಾರ. ತಿಂಡಿಗೆ ಮೊದಲು ಕುಟುಂಬದವರು ಮೂಲೆಯ ಮೇಜಿನಲ್ಲಿ ಶುಭಸಂದೇಶ ಓದಿ ಪ್ರಾರ್ಥಿಸುವಾಗ ಅವನು ಕೈಯಲ್ಲಿ ತಟ್ಟೆ ಹಿಡಿದೇ ಎರಡು ನಿಮಿಷ ಪಕ್ಕದಲ್ಲಿ ನಿಂತು, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಮುಗಿಯುತ್ತಲೇ ಕೆಲಸಕ್ಕೆ ಓಡಿದ. ಅಮ್ಮನವರು ಮುಂಬಯಿಯಲ್ಲಿ ಇಳಿದೊಡನೆ ಅವನ ತಾಯಿಗೆ ಫೋನು ಮಾಡಿ, "ನಿಮ್ಮ ಮಗ ಚೆನ್ನಾಗಿದ್ದಾನೆ, ನಮಗೆ ಊಟ ಬಡಿಸಿದ" ಎಂದು ತಿಳಿಸಿದರಂತೆ.

ನಮಗೆ ವಿಹಾರವಾಗಿರುವುದು ಅವರಿಗೆ ದುಡಿಮೆ. ಮಂಗಳೂರು, ಗೋವಾಗಳ ಎಷ್ಟೋ ಕಥೋಲಿಕ ಮನೆಗಳ ಒಲೆ ಉರಿಯುವುದು ಹೀಗೆ ತಿಂಗಳುಗಟ್ಟಲೆ ಮನೆ ಬಿಟ್ಟಿರುವವರ ಸಂಬಳದಿಂದ. 2020ರ ಸಾಂಕ್ರಾಮಿಕದಲ್ಲಿ ಜಗತ್ತಿನ ಲಕ್ಷಾಂತರ ನಾವಿಕರು ಒಪ್ಪಂದ ಮುಗಿದರೂ ಮನೆಗೆ ಮರಳಲಾಗದೆ ಹಡಗುಗಳಲ್ಲೇ ಉಳಿದರು. ಇವರಿಗಾಗಿಯೇ 1920ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕಥೋಲಿಕರು ಆರಂಭಿಸಿದ ಸೇವೆ ಇಂದು 'ಸ್ತೆಲ್ಲಾ ಮಾರಿಸ್', ಅಂದರೆ ಸಮುದ್ರತಾರೆ, ಎಂಬ ಹೆಸರಿನಲ್ಲಿ ಜಗತ್ತಿನ ಅನೇಕ ಬಂದರುಗಳಲ್ಲಿ ನಡೆಯುತ್ತಿದೆ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಧರ್ಮಸಭೆ ಕಡಲ ದುಡಿಮೆಗಾರರಿಗಾಗಿ ಪ್ರಾರ್ಥಿಸುವ ದಿನವಾಗಿ ಆಚರಿಸುತ್ತದೆ. ಬೇಗೂರಿಗೆ ಕಡಲು ದೂರವೆಂದು ನಾವು ಆ ದಿನವನ್ನು ಮರೆಯುವುದು ಬೇಡ.

ಹಡಗೇರುವ ಕುಟುಂಬಗಳಿಗೆ ನಮ್ಮ ಕೊನೆಯ ಕಿವಿಮಾತು ಇಷ್ಟೇ. ಕೋಣೆ ಗುಡಿಸುವವರ, ಬಡಿಸುವವರ ಹೆಸರು ಕೇಳಿ ತಿಳಿದುಕೊಳ್ಳಿ. ಹೆಸರು ಹಿಡಿದು ಮಾತನಾಡಿಸಿ. ಭಕ್ಷೀಸಿನಲ್ಲಿ ಕೈ ಬಿಗಿ ಹಿಡಿಯಬೇಡಿ. ಸಂಜೆಯ ಪ್ರಾರ್ಥನೆಯಲ್ಲಿ ಅವರ ಮನೆಯವರನ್ನೂ ನೆನೆಯಿರಿ. ಸಮುದ್ರತಾರೆಯಾದ ಮಾತೆ ಮರಿಯಮ್ಮನವರು ನಿಮ್ಮನ್ನೂ ಅವರನ್ನೂ ಸುಖವಾಗಿ ದಡ ಸೇರಿಸಲಿ.